ಆ್ಯಂಟೆನಾ ಹುಡುಕಿ ಬದುಕಿದವನು

ಇವತ್ತು ಇಥಿಯೋಪಿಯಾ ಪ್ರಧಾನಿ ಅಬಿಯ್ ಅಹ್ಮದ್ ಬಗ್ಗೆ ಮಾತಾಡ್ತೀನಿ. ಅಷ್ಟು ದೂರದ ದೇಶ ನಮಗ್ಯಾಕೆ ಅಂತ ರಿಮೋಟ್ ಎತ್ತಿಕೊಳ್ಳಬೇಡಿ. ಈ ಕಥೆಯಲ್ಲಿ ನನ್ನದೂ ಒಂದು ತಪ್ಪಿದೆ.

1998ರಲ್ಲಿ ಇಥಿಯೋಪಿಯಾಗೂ ಎರಿಟ್ರಿಯಾಗೂ ಯುದ್ಧ ಶುರುವಾಯ್ತು. ಗಡಿಯ ಬಡ್ಮೆ ಊರಿನಲ್ಲಿ ಅಬಿಯ್ ಆಗ ಸೇನೆಯ ರೇಡಿಯೊ ಆಪರೇಟರ್. ಸಿಗ್ನಲ್ ಸರಿಯಾಗಿ ಸಿಗಲಿ ಅಂತ ಕಂದಕದಿಂದ ಆಚೆ ಬಂದ. ನಾಲ್ಕಾರು ನಿಮಿಷ ಅಷ್ಟೇ. ವಾಪಸ್ ಬಂದು ನೋಡಿದರೆ ಫಿರಂಗಿ ದಾಳಿಗೆ ಅವನ ತುಕಡಿ ಪೂರ್ತಿ ಸತ್ತುಹೋಗಿತ್ತು. ಅವನ ಜೀವ ಉಳಿಸಿದ್ದು ಒಂದು ಸಿಗ್ನಲ್!

ಆ ಸೈನಿಕ 2018ರ ಏಪ್ರಿಲ್‌ನಲ್ಲಿ ಪ್ರಧಾನಿಯಾದ. ತಂದೆ ಒರೊಮೊ ಮುಸ್ಲಿಂ, ತಾಯಿ ಅಮ್ಹಾರಾ ಕ್ರೈಸ್ತೆ, ವಯಸ್ಸು ಇನ್ನೂ 41. ರಾಜಕೀಯ ಕೈದಿಗಳನ್ನು ಬಿಡುಗಡೆ ಮಾಡಿದ. ಸಂಪುಟದಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಕೊಟ್ಟ. ಜುಲೈನಲ್ಲಿ ಶತ್ರುದೇಶದ ರಾಜಧಾನಿ ಅಸ್ಮಾರಾಗೇ ಹೋಗಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ. ಎರಡು ದಶಕದಿಂದ ಸತ್ತಿದ್ದ ಫೋನ್ ಲೈನ್‌ಗಳಿಗೆ ಜೀವ ಬಂತು. ಜನ ಗೊತ್ತಿಲ್ಲದ ನಂಬರ್‌ಗಳಿಗೂ ಫೋನ್ ಮಾಡಿ ಹಲೋ ಅಂದರು. 2019ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಓಸ್ಲೋದಲ್ಲಿ ಅವನೇ ಹೇಳಿದ್ದು: ಯುದ್ಧ ಅಂದರೆ ನರಕ.

ಒಂದು ವರ್ಷವೂ ತುಂಬಲಿಲ್ಲ. 2020ರ ನವೆಂಬರ್‌ನಲ್ಲಿ ತನ್ನದೇ ದೇಶದ ಟಿಗ್ರೇ ಪ್ರಾಂತ್ಯಕ್ಕೆ ಸೈನ್ಯ ಕಳಿಸಿದ. ಅಲ್ಲಿನ ಪಕ್ಷದ ಪಡೆಗಳು ಸೇನಾ ನೆಲೆ ಮೇಲೆ ದಾಳಿ ಮಾಡಿದ್ದವು, ಅದು ನಿಜ. ಆದರೆ ಶಾಂತಿ ಮಾಡಿಕೊಂಡಿದ್ದ ಎರಿಟ್ರಿಯಾದ ಸೈನ್ಯವೂ ಅದೇ ಟಿಗ್ರೇ ಜನರ ಮೇಲೆ ಬಿತ್ತು. 2021ರ ಜೂನ್‌ನಲ್ಲಿ ಸರ್ಕಾರಿ ಸೈನ್ಯ ಮೆಕೆಲೆ ನಗರ ಬಿಟ್ಟು ಹಿಂದೆ ಸರಿದ ಮೇಲಂತೂ ಟಿಗ್ರೇಗೆ ಫೋನ್ ಇಲ್ಲ, ಬ್ಯಾಂಕ್ ಇಲ್ಲ, ಆಸ್ಪತ್ರೆಗೆ ಔಷಧಿ ಇಲ್ಲ. 2022ರ ನವೆಂಬರ್‌ನಲ್ಲಿ ಪ್ರಿಟೋರಿಯಾ ಒಪ್ಪಂದ ಆಗುವ ಹೊತ್ತಿಗೆ ಸತ್ತವರು ಲಕ್ಷಗಳ ಲೆಕ್ಕದಲ್ಲಿದ್ದರು.

ಸಿಗ್ನಲ್‌ನಿಂದ ಬದುಕಿದವನ ಆಳ್ವಿಕೆಯಲ್ಲೇ ಸುಮಾರು 60 ಲಕ್ಷ ಜನರಿಗೆ ಸಿಗ್ನಲ್ ಸಿಗದ ಹಾಗಾಯ್ತು.

ಈಗ ನನ್ನ ತಪ್ಪು. ನೊಬೆಲ್ ಬಂದಾಗ ಇದೇ ಕುರ್ಚಿಯಲ್ಲಿ ಕೂತು ನಾನೂ ಹೊಗಳಿದೆ. ನಗು ಇತ್ತು, ಅಪ್ಪುಗೆ ಇತ್ತು, ದೃಶ್ಯ ಬೇಕಾದಷ್ಟಿತ್ತು. ಟಿಗ್ರೇಯಲ್ಲಿ ಜನ ಹಸಿವಿನಿಂದ ಸಾಯುವಾಗ ಡೆಸ್ಕ್‌ನಿಂದ ಬಂದ ಉತ್ತರ ಒಂದೇ, "ವಿಶುವಲ್ಸ್ ಇಲ್ಲ ಸರ್." ನಾನೂ ಸರಿ ಅಂದು ಮುಂದಿನ ಸುದ್ದಿಗೆ ಹೋದೆ. ಸಂಪರ್ಕ ಕಡಿದವರಿಗೆ ಬೇಕಾಗಿದ್ದೂ ಅದೇ ಅಲ್ವಾ?

ನಾಯಕನ ಒಳ್ಳೆ ಕೆಲಸವನ್ನ ಹೊಗಳೋಣ, ತಪ್ಪಿಲ್ಲ. ಆದರೆ ಹೊಗಳಿದವನಿಗೆ ಕೊನೆ ತನಕ ನೋಡುವ ಜವಾಬ್ದಾರಿಯೂ ಇದೆ. ಎಲ್ಲಿಂದ ಚಿತ್ರ ಬರುವುದು ನಿಂತಿದೆಯೋ ಆ ಕಡೆ ಮೊದಲು ನೋಡಬೇಕು. ನಾನು ನೋಡಲಿಲ್ಲ.