ತೇರಿನ ಗಾಲಿ, ಕುರ್ಚಿಯ ಗಾಲಿ

ಬಾದಾಮಿಯಿಂದ ಸುಮಾರು 22 ಕಿಲೋಮೀಟರು ದೂರದಲ್ಲಿ, ಮಲಪ್ರಭೆಯು ಉತ್ತರಕ್ಕೆ ಮುಖಮಾಡಿ ಹರಿಯುವೆಡೆಯಲ್ಲಿ, ಪಟ್ಟದಕಲ್ಲು ಇದೆ. ಒಂದು ಕಾಲಕ್ಕೆ ಕಿಸುವೊಳಲ್, ಅಂದರೆ ಕೆಂಪು ಪಟ್ಟಣ, ಎನಿಸಿಕೊಂಡ ಊರು. ಚಾಲುಕ್ಯ ಅರಸರಿಗೆ ಪಟ್ಟ ಕಟ್ಟಿದ ತಾಣ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ವಿಶ್ವದ ಪರಂಪರೆ ಎಂದ ಮೇಲೆ ಅದು ಎಲ್ಲರದೂ ಆಯಿತು. ಈ ‘ಎಲ್ಲರು’ ಎಂಬ ಮಾತಿನಲ್ಲಿ ಯಾರು ಸೇರುತ್ತಾರೆ, ಯಾರು ಹೊರಗುಳಿಯುತ್ತಾರೆ ಎಂಬುದನ್ನು ಕುರಿತು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಹಲವು ವರ್ಷಗಳ ಹಿಂದಿನ ಮಾತು. ಇತಿಹಾಸ ಕಲಿಸುತ್ತಿದ್ದ ಹಿರಿಯ ಮಾಸ್ತರರೊಬ್ಬರೊಡನೆ ನಾನು ಪಟ್ಟದಕಲ್ಲಿಗೆ ಹೋಗಿದ್ದೆ. ಎಳವೆಯಲ್ಲಿ ಪೋಲಿಯೋ ತಗುಲಿ ಅವರ ಕಾಲುಗಳು ಸೋತಿದ್ದವು. ಊರುಗೋಲು ಹಿಡಿದು ನಡೆದಷ್ಟು ಕಾಲ ನಡೆದು, ಇಳಿವಯಸ್ಸಿನಲ್ಲಿ ಗಾಲಿಕುರ್ಚಿಗೆ ಬಂದಿದ್ದರು. ವಿರೂಪಾಕ್ಷ ದೇವಾಲಯದ ಶಿಖರವನ್ನು ಕರಿಹಲಗೆಯ ಮೇಲೆ ಅವರು ಎಷ್ಟು ಸಲ ಬರೆದಿದ್ದರೋ ಲೆಕ್ಕವಿಲ್ಲ. ಹುಲ್ಲುಹಾಸಿನ ನಡುವಿನ ಹಾದಿಯಲ್ಲಿ ಕುರ್ಚಿ ಗುಡಿಯ ಬುಡದ ತನಕ ಸಾಗಿತು. ಅಲ್ಲಿ ಮೆಟ್ಟಿಲು ಎದುರಾದವು.

ಜೊತೆಗಿದ್ದ ಇಬ್ಬರು ಹುಡುಗರು ಕುರ್ಚಿಯನ್ನು ಎತ್ತಲು ಮುಂದಾದರು. ಮಾಸ್ತರರು ಕೈಯೆತ್ತಿ ತಡೆದರು. “ಬ್ಯಾಡ್ರಪಾ. ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟ ಗುಡಿಯೊಳಗ ನನ್ನ ಮೂಟಿ ಹೊತ್ತಂಗ ಹೊತ್ತೊಯ್ಯೂದು ಬ್ಯಾಡ. ನೀವು ಹೋಗಿ ನೋಡಿ ಬರ್ರಿ, ನಾ ಇಲ್ಲೇ ಕೂತಿರ್ತೀನಿ” ಎಂದರು. ನಾವು ಒಳಹೊಕ್ಕು, ಕಂಬಗಳ ನಡುವೆ ಸುತ್ತಾಡಿ, ಹೊರಬಂದೆವು. “ರಾವಣ-ಜಟಾಯುವಿನ ಕಾಳಗ ನೋಡಿದಿರೇನು?” ಎಂದು ಅವರು ಕೇಳಿದರು. ನಾನು ಅದರ ಮುಂದೆಯೇ ಹಾದುಹೋಗಿದ್ದಿರಬೇಕು; ನೋಡಿರಲಿಲ್ಲ. ಕಾಲಿದ್ದವನು ಕಾಣದೆ ಬಂದದ್ದನ್ನು ಹೊಸ್ತಿಲು ದಾಟದವರು ಬಲ್ಲವರಾಗಿದ್ದರು. ಮಾಸ್ತರರು ಇಂದು ನಮ್ಮೊಡನಿಲ್ಲ. ಅವರ ಆ ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.

ಎತ್ತಿ ಒಯ್ಯುವುದು ಕರುಣೆಯಲ್ಲವೆ, ಅದನ್ನು ಬೇಡವೆನ್ನುವುದೇಕೆ ಎಂದು ನೀವು ಕೇಳಬಹುದು. ಕರುಣೆ ನಿಜ. ಆದರೆ ಕರುಣೆಗೆ ಇನ್ನೊಬ್ಬರ ತೋಳು ಬೇಕು, ಬಿಡುವು ಬೇಕು, ಮನಸ್ಸು ಬೇಕು. ಹಾದಿಗೆ ಇವೊಂದೂ ಬೇಡ. ಹಾದಿಯಿದ್ದಲ್ಲಿ ಮನುಷ್ಯ ತನಗೆ ಬೇಕೆನಿಸಿದಾಗ ಬರುತ್ತಾನೆ, ಮೆಚ್ಚಿದ ಕಂಬದ ಮುಂದೆ ಬೇಕಾದಷ್ಟು ಹೊತ್ತು ನಿಲ್ಲುತ್ತಾನೆ.

ಪ್ರಾಚೀನ ಸ್ಮಾರಕವನ್ನು ಒಡೆದು ಹಾದಿ ಮಾಡುವುದೇ ಎಂಬುದು ಎರಡನೆಯ ಆಕ್ಷೇಪ. ಇದು ತೂಕವುಳ್ಳ ಮಾತು. ಎರಡನೆಯ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ನೆನಪಿಗೆ ರಾಣಿ ಲೋಕಮಹಾದೇವಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿಯಿದು. ಇಲ್ಲಿಯ ಒಂದು ಕಲ್ಲಿಗೂ ಮೊಳೆ ತಾಗಕೂಡದು. ಆದರೆ ಮೊಳೆಯ ಅಗತ್ಯವೇ ಇಲ್ಲ. ಕಲ್ಲಿಗೆ ಅಂಟದೆ ತನ್ನ ಕಾಲಮೇಲೆ ತಾನೇ ನಿಲ್ಲುವ, ಬೇಡವೆಂದಾಗ ತೆಗೆದಿಡಬಹುದಾದ ಮರದ ಇಳಿಜಾರು ಸಾಕು. ಅದರ ಲೆಕ್ಕವೂ ಸರಳ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಮೂರು ಅಡಿಯ ಜಗತಿಗೆ 36 ಅಡಿ, ನಡುವೆ ದಣಿವಾರಿಸಿಕೊಳ್ಳಲು ಒಂದು ಸಮತಟ್ಟು, ಇಕ್ಕೆಲಗಳಲ್ಲಿ ಹಿಡಿಕೆ.

ಇದು ಬರಿಯ ಊಹೆಯಲ್ಲ. 2001ರಲ್ಲಿ ವಿಜ್ಞಾನಿ ಸ್ಟೀಫನ್ ಹಾಕಿಂಗ್ ದೆಹಲಿಗೆ ಬಂದಾಗ ಅವರ ಗಾಲಿಕುರ್ಚಿಗಾಗಿ ಕುತುಬ್ ಮಿನಾರ್ ಮೊದಲಾದ ಸ್ಮಾರಕಗಳಲ್ಲಿ ಮರದ ಇಳಿಜಾರುಗಳನ್ನು ಇರಿಸಲಾಯಿತು. ಸ್ಮಾರಕಗಳಿಗೆ ಧಕ್ಕೆಯಾಗಲಿಲ್ಲ. ಜಗದ್ವಿಖ್ಯಾತ ಅತಿಥಿಗೆ ಆಗುವ ಕೆಲಸ ಹುನಗುಂದದ ನೇಕಾರನಿಗೆ, ಇಳಕಲ್ಲಿನ ಅಜ್ಜಿಗೆ ಆಗದೆ ಹೋದೀತೇ?

ಕಾನೂನು ಈಗ ಈ ಕಡೆಗೇ ವಾಲಿದೆ. 1995ರ ಕಾಯಿದೆಯ ಸ್ಥಾನದಲ್ಲಿ 2016ರಲ್ಲಿ ವಿಕಲಚೇತನರ ಹಕ್ಕುಗಳ ಅಧಿನಿಯಮ ಬಂದಿತು. ಸಂಸ್ಕೃತಿ, ವಿಹಾರ, ಬಯಲು ಶಿಬಿರ, ಸಾಹಸಕ್ರೀಡೆ ಇವುಗಳಲ್ಲೂ ಅಂಗವಿಕಲರಿಗೆ ಪಾಲಿರಬೇಕೆಂದು ಅದು ಹೇಳುತ್ತದೆ. ಇಂಥ ಸೌಕರ್ಯಗಳ ಮಾನದಂಡಗಳು ಬರಿಯ ಸಲಹೆಯಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟು 2024ರ ನವೆಂಬರಿನಲ್ಲಿ ತೀರ್ಪಿತ್ತಿತು. 2011ರ ಜನಗಣತಿಯಂತೆ ನಮ್ಮ ದೇಶದ ಅಂಗವಿಕಲರ ಸಂಖ್ಯೆ 2.68 ಕೋಟಿ. ಮಂಡಿನೋವಿನ ಮುದುಕರು, ತುಂಬುಬಸುರಿಯರು, ಕಾಲು ಮುರಿದುಕೊಂಡವರು ಈ ಲೆಕ್ಕದ ಹೊರಗಿದ್ದಾರೆ. ಇಳಿಜಾರು ಅವರಿಗೂ ಬೇಕು.

ಹಾದಿಯೆಂದರೆ ಗಾಲಿಯ ಹಾದಿಯೊಂದೇ ಅಲ್ಲ. ಸಡಿಲ ಜಲ್ಲಿಯಲ್ಲಿ ಗಾಲಿ ಹೂತುಹೋಗುತ್ತದೆ. ಅಂಚಿಲ್ಲದ ದಾರಿಯಲ್ಲಿ ಕುರುಡರ ಕೋಲಿಗೆ ಗುರುತು ಸಿಗುವುದಿಲ್ಲ. ಅಲ್ಲಲ್ಲಿ ನೆರಳು, ಕೂರಲು ಕಟ್ಟೆ, ಅಗಲ ಬಾಗಿಲಿನ ಶೌಚಾಲಯ ಬೇಕು. ಮೂಲ ಶಿಲ್ಪವನ್ನು ಎಲ್ಲರೂ ಮುಟ್ಟಿದರೆ ಕಲ್ಲು ಸವೆದೀತು. ಅದರ ಪಡಿಯಚ್ಚೊಂದನ್ನು ಇರಿಸಿದರೆ ಕಣ್ಣಿಲ್ಲದವರು ಜಟಾಯುವಿನ ರೆಕ್ಕೆಯನ್ನು ಬೆರಳಿನಿಂದ ಅರಿಯಬಲ್ಲರು. ಶಿಲ್ಪ ಹುಟ್ಟಿದ್ದೇ ಕೈಯಿಂದ; ಕೈಗೆ ಅದು ಅಪರಿಚಿತವಲ್ಲ.

ಎಲ್ಲವೂ ಸಾಧ್ಯವೆಂದು ನಾನು ಹೇಳುತ್ತಿಲ್ಲ. ಬಾದಾಮಿಯ ಗುಹೆಗಳು ಬಂಡೆಯ ಮೇಲಿವೆ, ಐಹೊಳೆಯ ಮೇಗುತಿ ಗುಡ್ಡದ ನೆತ್ತಿಯಲ್ಲಿದೆ, ಗುಡ್ಡವನ್ನು ತಗ್ಗಿಸಲಾಗದು. ಆದರೆ ಬಾದಾಮಿಯ ಅಗಸ್ತ್ಯತೀರ್ಥದ ದಂಡೆ ಕೆಳಗಿದೆ, ಪಟ್ಟದಕಲ್ಲು ಬಯಲಿನಲ್ಲಿದೆ. ಆಗುವಲ್ಲಿ ಮಾಡದಿರುವುದಕ್ಕೆ ಆಗದಿರುವ ಕಡೆಯನ್ನು ನೆಪಮಾಡಬಾರದು.

ಬನದ ಹುಣ್ಣಿಮೆಗೆ ಬಾದಾಮಿಯ ಬಳಿ ಬನಶಂಕರಿಯ ತೇರು ಎಳೆಯುತ್ತಾರೆ. ತೇರು ಎಳೆಯುವ ಊರುಗಳಲ್ಲೆಲ್ಲ ಒಂದು ಪದ್ಧತಿಯುಂಟು: ತೇರು ಹೊರಡುವ ಮೊದಲು ಬೀದಿಯ ಕಲ್ಲು ಹೆಕ್ಕುತ್ತಾರೆ, ಕುಣಿ ತುಂಬುತ್ತಾರೆ. ತೇರಿಗೆ ಗಾಲಿಯೇಕೆ ಎಂದು ಯಾರೂ ಕೇಳುವುದಿಲ್ಲ. ಗಾಲಿಯಿದ್ದ ಮೇಲೆ ಹಾದಿ ಮಾಡುವುದು ನಮ್ಮ ಕೆಲಸವೆಂದು ತಿಳಿದಿದ್ದಾರೆ. ಆ ತಿಳಿವು ನಮ್ಮಲ್ಲಿ ಮೊದಲಿನಿಂದಲೂ ಇದೆ. ವರ್ಷಕ್ಕೊಮ್ಮೆ ತೇರಿನ ಗಾಲಿಗೆ ಮಾಡುವುದನ್ನು ದಿನವೂ ಕುರ್ಚಿಯ ಗಾಲಿಗೆ ಮಾಡಿದರೆ ಸಾಕು. ಆಗ ನಮ್ಮ ಮಾಸ್ತರರಂಥವರು ಹೊರಗೆ ಕೂತು ಪ್ರಶ್ನೆ ಕೇಳಬೇಕಾಗಿಲ್ಲ. ಒಳಗೆ ಬಂದು, ಕಂಬದ ಮುಂದೆ ನಿಂತು, ನಾವು ಕಾಣದ್ದನ್ನು ನಮಗೆ ತೋರಿಸಿಕೊಟ್ಟಾರು.