ಹೆರಿಗೆಯ ಖರ್ಚು ಯಾರ ಲೆಕ್ಕಕ್ಕೆ?



ವಿವಾಹದ ದುಂದುವೆಚ್ಚದ ಕುರಿತು ನಮ್ಮ ವೇದಿಕೆಗಳಲ್ಲಿ ಸಾಕಷ್ಟು ಚರ್ಚೆಯಾಗಿದೆ. ಆದರೆ ವಧುವಿನ ತಂದೆಯ ಸಾಲ ಅಲ್ಲಿಗೆ ಮುಗಿಯುವುದಿಲ್ಲ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುತ್ತಾಳೆ. ಸ್ಕ್ಯಾನಿಂಗ್, ಆಸ್ಪತ್ರೆಯ ಬಿಲ್ಲು, ಬಾಣಂತನದ ತುಪ್ಪ, ಔಷಧಿ, ಕೊನೆಗೆ ಮಗುವಿಗೆ ತೊಟ್ಟಿಲು, ಚಿನ್ನ- ಎಲ್ಲವೂ ಆತನ ಲೆಕ್ಕಕ್ಕೆ. ಮದುವೆಗೆಂದು ಅಡವಿಟ್ಟ ಒಡವೆ ಬಿಡಿಸುವ ಮೊದಲೇ ಆತ ಮತ್ತೆ ಬಡ್ಡಿಯ ಬಾಗಿಲು ತಟ್ಟುತ್ತಾನೆ. ಅಳಿಯ ಸಿಹಿ ಹಂಚಲು ಬರುತ್ತಾನೆ!

ತವರಿನ ಆರೈಕೆ ಬೇಡವೆಂದು ನಾವು ಹೇಳುತ್ತಿಲ್ಲ. ಹೆತ್ತಮ್ಮನ ಕೈಯ ಗಂಜಿಗೆ ಪರ್ಯಾಯವಿಲ್ಲ. ಆದರೆ ಖರ್ಚಿನ ಹೊಣೆ? ಪವಿತ್ರ ಕುರ್‌ಆನಿನ ಅಲ್‌ಬಕರ ಅಧ್ಯಾಯದ 233ನೇ ಸೂಕ್ತವು ಮೊಲೆಯೂಡಿಸುವ ತಾಯಿಯ ಅನ್ನ-ವಸ್ತ್ರದ ಹೊಣೆಯನ್ನು ಮಗುವಿನ ತಂದೆಗೆ ವಹಿಸಿದೆ. ವಿಚ್ಛೇದಿತೆ ಗರ್ಭಿಣಿಯಾಗಿದ್ದರೆ ಹೆರಿಗೆಯ ತನಕ ಆಕೆಗೂ ಖರ್ಚು ಕೊಡಬೇಕೆಂದು ಅತ್ತಲಾಕ್ ಅಧ್ಯಾಯ ಆದೇಶಿಸುತ್ತದೆ. ಹೀಗಿರುವಾಗ ಜೊತೆಯಲ್ಲಿರುವ ಪತ್ನಿಯ ವಿಷಯದಲ್ಲಿ ಹೇಳಬೇಕೇ?

ಆದ್ದರಿಂದ ಯುವಕರು ವಿವಾಹವಾದ ತಿಂಗಳಿನಿಂದಲೇ ಉಳಿತಾಯ ಆರಂಭಿಸಲಿ. ತಿಂಗಳಿಗೆ 2,000 ರೂಪಾಯಿ ತೆಗೆದಿಟ್ಟರೂ ವರ್ಷಕ್ಕೆ 24,000 ಆಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸಹಿತ ಹೆರಿಗೆ ಉಚಿತವೆಂಬ ನಿಯಮ 2011ರಿಂದಲೇ ಇದೆ. ಅರ್ಹರಿಗೆ ಮೊದಲ ಮಗುವಿಗೆ ಮಾತೃವಂದನಾ ಯೋಜನೆಯ 5,000 ರೂಪಾಯಿ ಸಿಗುತ್ತದೆ. ಆದರೆ ಸರಕಾರಿ ಆಸ್ಪತ್ರೆಯೆಂದರೆ ನಮಗೆ ಮರ್ಯಾದೆ ಅಡ್ಡ ಬರುತ್ತದೆ. ಮಾವನ ಹಣದಲ್ಲಿ ಖಾಸಗಿ ಕೋಣೆ ಹಿಡಿಯುವಾಗ ಅದೇಕೋ ಬರುವುದಿಲ್ಲ. ಅಕೀಕ ಸುನ್ನತ್ ನಿಜ. ಸಾಲ ಮಾಡಿ ಊರಿಗೆಲ್ಲ ಬಿರಿಯಾನಿ ಬಡಿಸುವುದು ಸುನ್ನತ್ತಲ್ಲ.

ನಿಕಾಹ್‌ನ ದಿನ ಮಹ್ರ್‌ನ ಮೊತ್ತವನ್ನು ದಫ್ತರದಲ್ಲಿ ಬರೆಸಿಕೊಳ್ಳುವ ಜಮಾಅತ್ ಸಮಿತಿಗಳು ವರನೊಡನೆ ಈ ಮಾತನ್ನೂ ಅಂದೇ ಆಡಲಿ.