ಚಿತ್ರ ಚೆನ್ನಾಗಿರಬೇಕಿಲ್ಲ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ರಾತ್ರಿ ನಿದ್ದೆ ಬರದೆ ಕೇಳ್ತಿದ್ದೀರೋ, ಇವತ್ತಿನ ಮಾತು ಬಾಯಿಗೆ ಬಾರದ ಮಾತುಗಳ ಬಗ್ಗೆ.

ನಾನು ಬಿ.ಕಾಂ. ಮುಗಿಸಿ ಸಿಎ ಪರೀಕ್ಷೆಗೆ ಕೂತವಳು. ಮೂರನೇ ಸಲ ಫೇಲ್ ಆದಾಗ ಮನೆಯಲ್ಲಿ ಯಾರೂ ಬೈಯಲಿಲ್ಲ. ಕಷ್ಟ ಆಗಿದ್ದೇ ಅದು. ಅಮ್ಮ ಊಟಕ್ಕೆ ಕರೆದರೆ 'ಹಸಿವಿಲ್ಲ' ಅಂತ ರೂಮಿನ ಬಾಗಿಲು ಹಾಕ್ಕೋತಿದ್ದೆ. ಕೊನೆಗೆ ಗೆಳತಿಯೊಬ್ಬಳು ಕೌನ್ಸೆಲರ್ ಹತ್ತಿರ ಕರ್ಕೊಂಡು ಹೋದಳು. ಎರಡು ಭೇಟಿಯಲ್ಲಿ ನಾನು ಹೇಳಿದ್ದು ಒಂದೇ: 'ಏನಿಲ್ಲ ಮೇಡಂ.'

ಮೂರನೇ ಸಲ ಅವರು ಬಿಳಿ ಹಾಳೆ, ಕ್ರೆಯಾನ್ ಮುಂದಿಟ್ಟರು. 'ಈ ವಾರ ಹೇಗಿತ್ತೋ ಹಾಗೆ ಏನಾದ್ರೂ ಬಿಡಿಸಿ.'

'ನಂಗೆ ಡ್ರಾಯಿಂಗ್ ಬರಲ್ಲ.'

'ಇಲ್ಲಿ ಮಾರ್ಕ್ಸ್ ಇಲ್ಲಮ್ಮ.'

ನಾನು ಬಿಡಿಸಿದ್ದು ಒಂದು ವಕ್ರವಾದ ಬಾಗಿಲು. ಅವರು 'ಇದರ ಅರ್ಥ ಇದು' ಅಂತ ಜಾತಕ ಓದಲಿಲ್ಲ. 'ಬಾಗಿಲಿನ ಆಚೆ ಯಾರಿದ್ದಾರೆ?' ಅಂತ ಕೇಳಿದರು, ಅಷ್ಟೇ. 'ಅಮ್ಮ, ತಟ್ಟೆ ಹಿಡ್ಕೊಂಡು' ಅಂದೆ. ಆಮೇಲೆ ಅರ್ಧ ಗಂಟೆ ಅತ್ತೆ.

ಇದು ಆರ್ಟ್ ಥೆರಪಿ. 1942ರಲ್ಲಿ ಈ ಹೆಸರು ಕೊಟ್ಟವರು ಬ್ರಿಟನ್ನಿನ ಕಲಾವಿದ ಏಡ್ರಿಯನ್ ಹಿಲ್. ಕ್ಷಯರೋಗವಾಗಿ ಸ್ಯಾನಟೋರಿಯಂನಲ್ಲಿದ್ದಾಗ ಚಿತ್ರ ಬಿಡಿಸಿ ಅವರ ಮನಸ್ಸು ಹಗುರಾಯಿತು. ಆಮೇಲೆ ಉಳಿದ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಚಿತ್ರ ಬಿಡಿಸಲು ಕಲಿಸಿದರು. ಅಮೆರಿಕದಲ್ಲಿ ಮಾರ್ಗರೆಟ್ ನೌಂಬರ್ಗ್ ಇದನ್ನು ಸೈಕೋಥೆರಪಿಯ ಜೊತೆ ಬೆಸೆದರು. ಚಿತ್ರದ ಬಗ್ಗೆ ಮೊದಲು ಮಾತಾಡಬೇಕಾದವರು ಅದನ್ನು ಬಿಡಿಸಿದವರು ಅನ್ನೋದು ಅವರ ದಾರಿ.

ಇದು ಯಾಕೆ ಕೆಲಸ ಮಾಡುತ್ತೆ? 'ನಾನು ಸೋತೆ' ಅಂತ ಹೇಳೋಕೆ ನಾಚಿಕೆ. ಹಾಳೆ ಮೇಲಿರೋ ಬಾಗಿಲಿನ ಬಗ್ಗೆ ಹೇಳೋಕೆ ಅಷ್ಟು ನಾಚಿಕೆ ಇಲ್ಲ. ನೋವು ಒಳಗಿಂದ ಬಂದು ಮೇಜಿನ ಮೇಲೆ ಕೂರುತ್ತೆ. ಆಗ ಇಬ್ಬರೂ ಸೇರಿ ಅದನ್ನ ನೋಡಬಹುದು.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಕಲರಿಂಗ್ ಪುಸ್ತಕ ತಂದು ಬಣ್ಣ ತುಂಬಿದರೆ ಮನಸ್ಸಿಗೆ ಖುಷಿ, ಖಂಡಿತ ಮಾಡಿ. ಆದರೆ ಅದು ಥೆರಪಿ ಅಲ್ಲ. ಥೆರಪಿಗೆ ತರಬೇತಿ ಪಡೆದವರು ಎದುರಿಗೆ ಇರಬೇಕು. ಡಾಕ್ಟರ್ ಮಾತ್ರೆ ಕೊಟ್ಟಿದ್ದರೆ ಬಣ್ಣ ನಂಬಿ ಅದನ್ನ ನಿಲ್ಲಿಸಬೇಡಿ.

ನಾನು ಆಮೇಲೆ ಸಿಎ ಪಾಸಾದೆನಾ? ಇಲ್ಲ. ಆ ರಾತ್ರಿ ಬಾಗಿಲು ತೆಗೆದು, 'ಅಮ್ಮ, ನಂಗೆ ಇನ್ನು ಓದೋಕಾಗಲ್ಲ' ಅಂದೆ. 'ಮೊದಲು ಊಟ ಮಾಡು' ಅಂದಳು.

ನಿಮಗೂ ಬಾಗಿಲು ಹಾಕಿಕೊಂಡ ಹಾಗೆ ಅನಿಸ್ತಿದ್ರೆ, ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ವಾರ ಸಿಗೋಣ.